ಗೊಟಗೋಡಿಗೊಂದು ಪಂಚಾಂಗ ಬೇಕು

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಮಾತು ಬಂದಾಗಲೆಲ್ಲ ಓದುಬರಹ ಬಲ್ಲವರ ಬಾಯಲ್ಲಿ ಒಂದೇ ತೀರ್ಪು: ಅದು ನೋಡಿ ಬರುವ ಜಾಗ. ಶಿಲ್ಪ ಮಾಡಿ ನಿಲ್ಲಿಸಿಯಾಗಿದೆ, ಹೆದ್ದಾರಿ ಪಕ್ಕದಲ್ಲೇ ಇದೆ. ಜನ ಇಳಿಯುತ್ತಾರೆ, ಟಿಕೆಟ್ ತೆಗೆಸುತ್ತಾರೆ, ಫೋಟೊ ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಇನ್ನೇನು ಬೇಕು? ತಿಂಗಳ ಕಾರ್ಯಕ್ರಮ, ಪ್ರಾತ್ಯಕ್ಷಿಕೆ, ಕಮ್ಮಟ, ಮುಂಗಡ ಪಟ್ಟಿ ಇವೆಲ್ಲ ಬೆಂಗಳೂರಿನ ಗ್ಯಾಲರಿಗಳಿಗೆ ಸೇರಿದ ಸಂಗತಿ; ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಜನ ಅದನ್ನೇನು ಕೇಳುತ್ತಾರೆ? ಈ ಮಾತನ್ನು ಪ್ರವಾಸೋದ್ಯಮದವರು ಆಡುತ್ತಾರೆ, ಮಾಸ್ತರರು ಆಡುತ್ತಾರೆ, ಕಲೆಯನ್ನು ನಿಜವಾಗಿ ಪ್ರೀತಿಸುವವರೂ ಆಡುತ್ತಾರೆ. ಇದು ತಪ್ಪು ಮಾತು. ಈ ನಾಲ್ಕು ತಾಲ್ಲೂಕುಗಳ ಜನರ ಕಲಾಬುದ್ಧಿಗೆ ಮಾಡುವ ಅವಮಾನವೂ ಹೌದು.

ಅಲ್ಲಿ ಏನೂ ನಡೆಯುವುದಿಲ್ಲ ಎಂಬುದು ನನ್ನ ದೂರಲ್ಲ. ನಡೆಯದಿದ್ದರೂ ನಡೆದೀತು ಎಂಬ ನಮ್ಮೆಲ್ಲರ ಧೋರಣೆಯ ಮೇಲೆ ನನ್ನ ದೂರು. ಕಲಾಸಂಗ್ರಹಾಲಯ ಅಂದರೆ ಗೋಡೆ ಕಟ್ಟಿ ಒಳಗೆ ವಸ್ತುಗಳನ್ನಿಟ್ಟ ಜಾಗ, ಕಾರ್ಯಕ್ರಮ ಅಂದರೆ ಅದರ ಮೇಲೊಂದು ಹೂವಿನ ಹಾರ, ಇದ್ದರೆ ಚೆಂದ, ಇಲ್ಲದಿದ್ದರೆ ನಷ್ಟವಿಲ್ಲ ಎಂದು ತಿಳಿದಿದ್ದೇವೆ. ಹಾಗೆ ತಿಳಿದಿರುವವರೆಗೆ ಆ ತೋಟದಲ್ಲಿ ನಿಂತಿರುವ ಸಾವಿರಾರು ಕೆಲಸಗಳೂ ನಮ್ಮವಾಗುವುದಿಲ್ಲ.

ಮೊದಲು ಆ ತೋಟ ಕಟ್ಟಿದವರನ್ನೇ ನೋಡಬೇಕು. ಕಲಾವಿದ ಟಿ.ಬಿ. ಸೊಲಬಕ್ಕನವರ ಇದೇ ನೆಲದವರು. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು, ಅಲ್ಲಿನ ಕಸುಬು, ದನಕರು, ಮಕ್ಕಳ ಆಟ, ಗೌಡರ ಮನೆ ಎಲ್ಲವನ್ನೂ ಆಳೆತ್ತರದ ಸಿಮೆಂಟ್ ಶಿಲ್ಪಗಳಲ್ಲಿ ಎಬ್ಬಿಸಿ ನಿಲ್ಲಿಸಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅವರ ಬದುಕಿನ ಉಳಿದರ್ಧವನ್ನು ಹೇಳುವವರು ಕಡಿಮೆ. ಅವರು ದೊಡ್ಡಾಟದ ಮನುಷ್ಯ. ಮೂಲೆಗೆ ಸರಿಯುತ್ತಿದ್ದ ದೊಡ್ಡಾಟವನ್ನು ಮತ್ತೆ ರಂಗಕ್ಕೆ ತರಲು ದುಡಿದರು. ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದಾಗಲೇ, 2020ರಲ್ಲಿ ತೀರಿಕೊಂಡರು. ಒಂದು ಕೈಯಲ್ಲಿ ಸಿಮೆಂಟು, ಇನ್ನೊಂದು ಕೈಯಲ್ಲಿ ಕಿರೀಟ, ಭುಜಕೀರ್ತಿ. ನಿಂತ ಶಿಲ್ಪವೊಂದೇ ಸಾಕು ಎಂದು ಅವರಿಗೆ ಅನಿಸಿದ್ದರೆ ದೊಡ್ಡಾಟದ ತಾಲೀಮುಗಳಿಗೆ ಇಳಿವಯಸ್ಸಿನಲ್ಲಿ ಯಾಕೆ ಅಲೆಯುತ್ತಿದ್ದರು? ಅವರ ತೋಟವನ್ನು ಇಟ್ಟುಕೊಂಡು ಅವರ ರಂಗವನ್ನು ಬಿಟ್ಟರೆ ನಮ್ಮ ಕೈಗೆ ಬರುವುದು ಅರ್ಧ ಸೊಲಬಕ್ಕನವರ ಮಾತ್ರ.

ಈಗ ಜನರ ಮಾತಿಗೆ ಬರೋಣ. "ನಮ್ಮ ಮನ್ಯಾಗ ಇದ್ದದ್ದನ್ನ ಸಿಮೆಂಟಿನ್ಯಾಗ ಮಾಡ್ಯಾರ, ಅದನ್ನ ರೊಕ್ಕ ಕೊಟ್ಟು ನೋಡೂದು ಏನೈತ್ರಿ?" ಎಂದು ನಮ್ಮ ಕಡೆಯ ರೈತ ಕೇಳಿದರೆ ನಗುವ ವಿದ್ಯಾವಂತರು ಬಹಳ. ಹಳ್ಳಿಯವನಿಗೆ ಕಲೆ ತಿಳಿಯದು ಎಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ಎತ್ತಿ ಆಡುತ್ತಾರೆ. ನನಗೆ ಅದು ನೇರವಾದ, ನ್ಯಾಯವಾದ ಕಲಾವಿಮರ್ಶೆ. ನನಗೆ ಗೊತ್ತಿರುವುದನ್ನೇ ತೋರಿಸುತ್ತೀರಿ, ಗೊತ್ತಿಲ್ಲದ್ದನ್ನು ಯಾವಾಗ ತೋರಿಸುತ್ತೀರಿ, ನನಗೆ ಗೊತ್ತಿರುವುದನ್ನು ನನ್ನಿಂದ ಯಾವಾಗ ಕೇಳುತ್ತೀರಿ ಎಂದು ಅವನು ಕೇಳುತ್ತಿದ್ದಾನೆ. ಈ ಪ್ರಶ್ನೆಗೆ ಶಿಲ್ಪ ತಾನಾಗಿ ಉತ್ತರ ಕೊಡಲಾರದು. ಕಾರ್ಯಕ್ರಮ ಕೊಡಬಲ್ಲದು.

ಇವರಿಗೆ ಶಿಲ್ಪದ ಗಂಧವಿಲ್ಲ ಎನ್ನುವವರು ನಮ್ಮ ಹಬ್ಬಗಳನ್ನು ಕಣ್ಣುಬಿಟ್ಟು ನೋಡಿಲ್ಲ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಶ್ರಾವಣದಲ್ಲಿ ಮಣ್ಣಿನ ನಾಗಪ್ಪ. ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೇ ಅಷ್ಟಮಿಯ ದಿನ ಹುಟ್ಟಿ, ಬೇವಿನ ತಪ್ಪಲಿನ ಬುಟ್ಟಿಯಲ್ಲಿ ಕುಳಿತು ಮನೆಮನೆ ತಿರುಗಿ, ಹುಣ್ಣಿಮೆಗೆ ಸಾಯುವ ಜೋಕುಮಾರ. ದೀಪಾವಳಿಗೆ ಬಾಗಿಲಲ್ಲಿ ಸೆಗಣಿಯ ಪಾಂಡವರು. ವರ್ಷದ ಅರ್ಧ ಭಾಗ ಕೈಯಲ್ಲಿ ಮಣ್ಣು ಹಿಡಿದು ಆಕಾರ ಕೊಡುವ ಜನ ಇವರು. ಮಾಡಿ, ಪೂಜಿಸಿ, ಹಾಡಿ, ನೀರಿಗೆ ಬಿಟ್ಟು, ಮುಂದಿನ ವರ್ಷ ಮತ್ತೆ ಮಾಡುತ್ತಾರೆ. ಇಂಥ ಜನಕ್ಕೆ ಶಿಲ್ಪಕಲೆಯ ಕಾರ್ಯಕ್ರಮ ಬೇಡ ಎಂದು ತೀರ್ಮಾನಿಸಿದವರು ಯಾರು?

ಮಣ್ಣೆತ್ತು ಮಾಡುವುದನ್ನು ಹತ್ತಿರ ಕೂತು ನೋಡಬೇಕು. ಎರೆಮಣ್ಣನ್ನು ನೆನೆಹಾಕಿ, ಕಲ್ಲು ಕಡ್ಡಿ ಆರಿಸಿ, ಅಂಗೈ ಬುಡದಿಂದ ನಾದುತ್ತಾರೆ. ಅಂಟು ಬಂದ ಮೇಲೆ ಒಂದು ಮುದ್ದೆ ಹಿಡಿದು ಉದ್ದಕ್ಕೆ ಹೊಸೆದು ಮೈ ಮಾಡುತ್ತಾರೆ. ಕಾಲನ್ನು ಬೇರೆ ಮಾಡಿ ಅಂಟಿಸಿದರೆ ಒಣಗುವಾಗ ಬಿಟ್ಟುಕೊಳ್ಳುತ್ತದೆ ಎಂದು ಬಲ್ಲ ಅಜ್ಜಿ ಮುದ್ದೆಯಿಂದಲೇ ನಾಲ್ಕು ಕಾಲು ಎಳೆಯುತ್ತಾಳೆ. ಹೆಬ್ಬೆರಳಿಂದ ಒತ್ತಿ ಇಣಿ ಎಬ್ಬಿಸುತ್ತಾಳೆ; ಇಣಿ ಸರಿಯಾಗಿ ಎದ್ದರೆ ಅದು ಎತ್ತು, ಇಲ್ಲದಿದ್ದರೆ ನಾಯಿ ಎಂದು ಮೊಮ್ಮಕ್ಕಳು ಕೂಗುತ್ತಾರೆ. ಕೋಡಿಗೆ ಬೆರಳ ತುದಿಯ ತಿರುವು, ಕಣ್ಣಿಗೆ ಗುಲಗಂಜಿ. ಐದು ಎತ್ತಿಗೆ ಒಂದು ಗ್ವಾದಲಿ. ಭಾರ ಯಾವ ಕಾಲಿನ ಮೇಲೆ ಬೀಳಬೇಕು, ಮಣ್ಣು ಎಷ್ಟು ಒಣಗಿದಾಗ ಯಾವ ಭಾಗ ಮುಟ್ಟಬೇಕು ಎಂಬ ಲೆಕ್ಕವೆಲ್ಲ ಆ ಕೈಯಲ್ಲಿದೆ. ಕಲಾಶಾಲೆಯ ಮೊದಲ ವರ್ಷದ ಪಾಠ ಅದು. ಈಗ ಆ ಕೈಗಳು ಸುಮ್ಮನೆ ಕೂತಿವೆ. ಅಚ್ಚಿನಲ್ಲಿ ತೆಗೆದ, ಬಣ್ಣ ಬಳಿದ ಎತ್ತುಗಳು ಪೇಟೆಯಲ್ಲಿ ಸಿಗುತ್ತವೆ. ಆ ಅಮಾವಾಸ್ಯೆಯ ಬೆಳಗ್ಗೆ ಗೊಟಗೋಡಿಯ ಮರದ ನೆರಳಿನಲ್ಲಿ, ಸಿಮೆಂಟಿನ ಆಳೆತ್ತರದ ಎತ್ತಿನ ಪಕ್ಕದಲ್ಲೇ, ನಾಲ್ಕು ತಾಲ್ಲೂಕುಗಳ ಅಜ್ಜಿಯರೂ ಮಕ್ಕಳೂ ಕೂತು ಎತ್ತು ಮಾಡಿದರೆ ಹೇಗಿದ್ದೀತು! ಮಗು ತನ್ನ ಗೇಣುದ್ದದ ಎತ್ತನ್ನು ಹಿಡಿದುಕೊಂಡು ದೊಡ್ಡ ಎತ್ತಿನ ಇಣಿಯನ್ನು ನೋಡುವ ನೋಟವೇ ಬೇರೆ. ಆ ನೋಟಕ್ಕೆ ಅದನ್ನು ತಯಾರು ಮಾಡಬೇಕಾದವರು ನಾವು.

ಕಾಲದ ವಿಷಯದಲ್ಲಿ ನಾವು ಎರವಲು ಪಂಚಾಂಗ ಹಿಡಿದಿರುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ ಮೇ 18ಕ್ಕೆ ಬರುತ್ತದೆ. ಆಗ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ, ಮಕ್ಕಳು ಅಜ್ಜಿ ಊರಲ್ಲಿ, ಮೇಲೆ ಸುಡುಬಿಸಿಲು. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಶಾಲೆ ತೆರೆದಿರುತ್ತದೆ, ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾಗಿರುತ್ತದೆ. ಇನ್ನೊಂದು: ದೇಶದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಹಲವು ಸೋಮವಾರ ಬಾಗಿಲು ಹಾಕುತ್ತವೆ. ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತಿನ ಕೊರಳಿಗೆ ನೊಗ ಇಡದ ಮನೆಗಳು ಇಂದಿಗೂ ಇವೆ. ರೈತನಿಗೆ ಬಿಡುವಿರುವ ದಿನ ಅದು. ಅವನು ಬರಲಾರದ ದಿನ ಕಾರ್ಯಕ್ರಮ ಇಟ್ಟು, ನಮ್ಮ ಜನಕ್ಕೆ ಆಸಕ್ತಿಯಿಲ್ಲ ಎಂದು ಬರೆಯುವುದು ಅನ್ಯಾಯ.

ಕಲೆಯನ್ನು ಜನರೆದುರು ಬಿಡಿಸಿ ಹೇಳುವುದು ನಗರದ ಚಟ ಎನ್ನುವವರು ಹಿರೇಕೆರೂರು ತಾಲ್ಲೂಕಿನ ಅಬಲೂರಿಗೆ ಒಮ್ಮೆ ಹೋಗಿ ಬರಲಿ. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ, ಸುಮಾರು 1200ನೇ ಇಸವಿಯ ದೊಡ್ಡ ಶಾಸನವಿದೆ. ಅದು ಶೈವ ಜೈನ ಜಗಳದ ಉರಿ ಹೊತ್ತ ಶಾಸನ; ಅದರ ಚರ್ಚೆ ಬೇರೆ. ನಾನಿಲ್ಲಿ ತೋರಿಸುವುದು ಆ ಕಥೆಯ ಶಿಲ್ಪಗಳ ಕೆಳಗಿರುವ ಸಣ್ಣ ಬರಹಗಳನ್ನು. ಮೇಲೆ ಕೆತ್ತಿರುವ ಘಟನೆ ಯಾವುದು, ಯಾರು ಏನು ಮಾಡುತ್ತಿದ್ದಾರೆ ಎಂದು ಆ ಬರಹ ಕನ್ನಡದಲ್ಲೇ ವಿವರಿಸುತ್ತದೆ. ಎಂಟುನೂರು ವರ್ಷದ ಹಿಂದೆ ಹಿರೇಕೆರೂರು ಸೀಮೆಯ ಕಲ್ಕುಟಿಗನಿಗೆ ತನ್ನ ಶಿಲ್ಪ ತಾನಾಗಿ ಮಾತಾಡೀತು ಎಂಬ ಹುಸಿ ಭರವಸೆ ಇರಲಿಲ್ಲ. ನೋಡುವವನ ಮೇಲೆ ಅವನಿಗೆ ಗೌರವವಿತ್ತು, ಆದ್ದರಿಂದ ವಿವರಣೆ ಕೊಟ್ಟ.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರವಂತೂ ಇನ್ನೂ ಹಿಂದಕ್ಕೆ ಒಯ್ಯುತ್ತದೆ. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಕ್ರಿ.ಶ. 898ರ ಸುಮಾರಿಗೆ, ಲೋಕಾದಿತ್ಯ ಬಂಕಾಪುರದಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಅಲ್ಲಿ ಪೂಜೆ ನಡೆಯಿತೆಂದು ಆ ಗ್ರಂಥದ ಪ್ರಶಸ್ತಿಯೇ ಹೇಳುತ್ತದೆ. ಒಂದು ಕೃತಿಯ ಸುತ್ತ ಜನ ಸೇರುವ ಪದ್ಧತಿ ಈ ತಾಲ್ಲೂಕಿಗೆ ಸಾವಿರದ ನೂರು ವರ್ಷದಷ್ಟು ಹಳೆಯದು. ಹಾನಗಲ್ಲಿನಲ್ಲಿ, 1196ರಲ್ಲಿ ಹೊಯ್ಸಳ ವೀರಬಲ್ಲಾಳ ಊರಿಗೆ ಮುತ್ತಿಗೆ ಹಾಕಿದ ಕಾಲದ ವೀರಗಲ್ಲಿದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಇದನ್ನು ಹತ್ತು ನಿಮಿಷ ಯಾರಾದರೂ ಹೇಳಿಕೊಟ್ಟರೆ ಹಾನಗಲ್ಲ ಪೇಟೆಯ ಹುಡುಗ ತನ್ನ ಊರ ಕಲ್ಲುಗಳನ್ನೆಲ್ಲ ತಾನೇ ಓದಬಲ್ಲ. ತಾರಕೇಶ್ವರ ಗುಡಿಯ ಮಂಟಪದಲ್ಲಿ ತಲೆ ಎತ್ತಿದರೆ ಕಾಣುವ ಕಮಲದ ಮಾಡನ್ನು ಬರೀ ಚೆಂದ ಎಂದು ನೋಡಿ ಹೋಗುವವರೇ ಹೆಚ್ಚು. ಕಲ್ಲುಗಳು ಒಂದರ ಮೇಲೊಂದು ಒಳಕ್ಕೆ ಚಾಚಿ ಚಾಚಿ ಆ ಗುಮ್ಮಟ ಎದ್ದಿದೆ ಎಂಬುದನ್ನು ಇಟ್ಟಿಗೆ ಜೋಡಿಸಿ ಮಕ್ಕಳ ಎದುರು ಮಾಡಿ ತೋರಿಸುವ ಒಂದು ಮಧ್ಯಾಹ್ನ ಬೇಕು. ಹಾನಗಲ್ಲಿನ ಗುಡಿಗೂ ಗೊಟಗೋಡಿಯ ತೋಟಕ್ಕೂ ನಡುವೆ ಇಂಥ ಕಾರ್ಯಕ್ರಮಗಳ ಓಡಾಟ ಇರಬೇಕು. ಈಗ ಎರಡೂ ಬೇರೆ ಬೇರೆ ಪ್ರವಾಸಿ ಪಟ್ಟಿಯ ಎರಡು ಸಾಲುಗಳು.

ಎದುರಾಳಿಗಳ ವಾದದಲ್ಲಿ ತೂಕವಿರುವ ಒಂದು ಅಂಶವಿದೆ. ಕಾರ್ಯಕ್ರಮ ಅಂದರೆ ಪೆಂಡಾಲು, ದೀಪ ಬೆಳಗುವುದು, ಸನ್ಮಾನ, ಶಾಲು, ಭಾಷಣ. ಅದರಡಿ ಕಲೆ ಹೂತು ಹೋಗುತ್ತದೆ, ಅದಕ್ಕಿಂತ ಶಿಲ್ಪಗಳನ್ನು ಮೌನವಾಗಿ ಬಿಡುವುದೇ ವಾಸಿ ಎನ್ನುತ್ತಾರೆ. ರೋಗ ನಿಜ. ನಮ್ಮ ಕಡೆಯ ಸರಕಾರಿ ಸಮಾರಂಭದ ಆಮಂತ್ರಣ ಪತ್ರಿಕೆ ತೆಗೆದು ನೋಡಿ: ಮುಖಪುಟದಿಂದ ಬೆನ್ನಪುಟದವರೆಗೆ ಗಣ್ಯರ ಹೆಸರುಗಳು, ಕಲಾವಿದರ ಹೆಸರು ಕೊನೆಯಲ್ಲಿ, 'ಮತ್ತು ತಂಡ' ಎಂಬುದರೊಳಗೆ. ಅದು ಕೈಸೇರುವುದು ಹಿಂದಿನ ದಿನ ಸಂಜೆ. ಬಹಳ ಮಂದಿಗೆ ಕಾರ್ಯಕ್ರಮ ಗೊತ್ತಾಗುವುದು ಮರುದಿನದ ಪತ್ರಿಕೆಯ ಫೋಟೊದಲ್ಲಿ. ಆದರೆ ಇದಕ್ಕೆ ಮದ್ದು ಕಾರ್ಯಕ್ರಮವನ್ನೇ ಕೈಬಿಡುವುದಲ್ಲ. ವೇದಿಕೆ ತೆಗೆಯಿರಿ. ಕುರ್ಚಿಗಳ ಬದಲು ಚಾಪೆ ಹಾಸಿ. ದೊಡ್ಡಾಟದ ಪ್ರದರ್ಶನಕ್ಕಿಂತ ಮೊದಲು ದೊಡ್ಡಾಟದ ತಾಲೀಮನ್ನು ಜನರೆದುರು ನಡೆಸಿ. ಮಾಸ್ತರ ಹುಡುಗನ ಹೆಜ್ಜೆ ತಿದ್ದುವುದನ್ನು, ಮದ್ದಳೆಯವನು ಅದೇ ಪೆಟ್ಟನ್ನು ಮತ್ತೆ ಮತ್ತೆ ಹಾಕುವುದನ್ನು, ಕಟ್ಟಿಗೆಯ ಕಿರೀಟಕ್ಕೆ ಬೇಗಡೆ ಅಂಟಿಸುವುದನ್ನು ಕಂಡವನಿಗೆ ಆಟದ ರಾತ್ರಿ ನಿದ್ದೆ ಬರುವುದಿಲ್ಲ. ತಿದ್ದುವ ಕೆಲಸ ಕಣ್ಣಿಗೆ ಬಿದ್ದಾಗಲೇ ಕಲೆಯ ಬೆಲೆ ತಿಳಿಯುತ್ತದೆ.

ಮುಂಚಿತವಾಗಿ ತಿಳಿಸುವುದರ ಬಗ್ಗೆಯೂ ನಮ್ಮವರು ಬೇರೆಡೆಯಿಂದ ಕಲಿಯಬೇಕಾದ್ದೇನಿಲ್ಲ. ಊರ ಜಾತ್ರೆಯ ದಿನ ಎಳೆಮಗುವಿಗೂ ಗೊತ್ತು. ಕಂಪನಿ ನಾಟಕದವರು ಟೆಂಟ್ ಹಾಕುವ ಮೊದಲೇ ಆಟೊಕ್ಕೆ ಮೈಕು ಕಟ್ಟಿ ಸುತ್ತಲಿನ ಹಳ್ಳಿಗಳಿಗೆಲ್ಲ ನಾಟಕದ ಹೆಸರು, ವೇಳೆ, ನಟರನ್ನು ಸಾರಿಬಿಡುತ್ತಾರೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳನ್ನು, ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳನ್ನು ಈ ನಾಡು ಕೇಳಿ ಬೆಳೆದದ್ದು ಸಂಗೀತ ಊರೂರು ತಿರುಗಿದ್ದರಿಂದ. ಇಂದು ಯಾವ ಮಠಕ್ಕೆ ಬರುತ್ತಾರೆ, ನಾಳೆ ಯಾವ ಊರು ಎಂಬುದು ಜನಕ್ಕೆ ತಿಳಿದಿರುತ್ತಿತ್ತು. ಬೆಂಗಳೂರಿನ ಚಿತ್ರಸಂತೆಗೆ ಲಕ್ಷಗಟ್ಟಲೆ ಜನ ಸೇರುವುದಕ್ಕೆ ಕುಮಾರಕೃಪಾ ರಸ್ತೆಯ ಸೊಬಗೊಂದೇ ಕಾರಣವಲ್ಲ. ಜನವರಿಯ ಆ ಭಾನುವಾರ ವರ್ಷವರ್ಷವೂ ಅವರ ಲೆಕ್ಕದಲ್ಲಿ ಮೊದಲೇ ಇರುತ್ತದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವೂ ಮಾತು, ಕಮ್ಮಟಗಳ ವಿವರವನ್ನು ಮುಂದಾಗಿ ತಿಳಿಸುತ್ತದೆ. ಅಲ್ಲಿನವರಿಗೆ ಸಲ್ಲುವ ಈ ಸೌಜನ್ಯ ಸವಣೂರಿನವರಿಗೆ ಏಕೆ ಸಲ್ಲಬಾರದು?

ಮುಂಚೆ ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ಡಿಸೆಂಬರಿನ ಶಾಲಾ ಪ್ರವಾಸಗಳಲ್ಲಿ ನೋಡಬಹುದು. ಬಸ್ಸಿನಿಂದ ಇಳಿದ ಮಕ್ಕಳನ್ನು ಸಾಲು ಮಾಡುತ್ತಾರೆ. ಮಾಸ್ತರರ ಕೈಯಲ್ಲಿ ಸೀಟಿ, ತಲೆಯಲ್ಲಿ ಮುಂದಿನ ಜಾಗದ ಚಿಂತೆ. ಮುಟ್ಟಬೇಡ, ಸಾಲು ಬಿಡಬೇಡ, ಬೇಗ ನಡಿ. ರಾಜಕುಮಾರ್ ಪಾತ್ರಗಳ ಶಿಲ್ಪಗಳ ಎದುರು ಗದ್ದಲ, ಒಂದು ಗುಂಪು ಫೋಟೊ, ಚಿತ್ರಾನ್ನ, ಮತ್ತೆ ಬಸ್ಸು. ಆ ಮಾಸ್ತರರನ್ನು ನಾನು ದೂರುವುದಿಲ್ಲ. ಜೂನ್ ತಿಂಗಳಲ್ಲೇ ಅವರ ಕೈಗೆ ಒಂದು ಪಟ್ಟಿ ಸಿಕ್ಕಿದ್ದರೆ, ಇಂಥ ದಿನ ಕುಂಬಾರರು ತಿಗರಿ ತಿರುಗಿಸುತ್ತಾರೆ, ಇಂಥ ದಿನ ಕೌದಿ ಹೊಲಿಯುವ ತಾಯಂದಿರು ಬರುತ್ತಾರೆ ಎಂದು ಗೊತ್ತಿದ್ದರೆ, ಅವರು ತಮ್ಮ ಪಾಠವನ್ನೂ ಪ್ರವಾಸವನ್ನೂ ಅದಕ್ಕೆ ಹೊಂದಿಸುತ್ತಿದ್ದರು.

ಇನ್ನೊಂದು ವಾದ ದುಃಖದ ವೇಷ ಹಾಕಿ ಬರುತ್ತದೆ. ಈ ಕಸುಬುಗಳೆಲ್ಲ ಹೋಗುತ್ತಿವೆ, ಟ್ರ್ಯಾಕ್ಟರ್ ಬಂದು ಕೂರಿಗೆ ಹೋಯಿತು, ಶಿಲ್ಪದಲ್ಲಾದರೂ ಉಳಿಯಲಿ ಎನ್ನುತ್ತಾರೆ. ಬದುಕಿರುವವರಿಗೆ ಮೊದಲೇ ಸಮಾಧಿ ಕಟ್ಟುವ ಮಾತು ಇದು. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಹೆಣ್ಣುಮಗಳ ನಿಲುವನ್ನು ಶಿಲ್ಪ ಹಿಡಿಯಬಲ್ಲದು. ಮುಷ್ಟಿಯ ಸಂದಿನಿಂದ ಕಾಳು ಎಣಿಸಿದಂತೆ ಜಾರುವ ಹದವನ್ನು, ಎತ್ತಿನ ನಡಿಗೆಗೆ ತಕ್ಕಂತೆ ಕೈ ನಿಧಾನವಾಗುವುದನ್ನು, ಅವಳ ಹಾಡನ್ನು ಶಿಲ್ಪ ಹಿಡಿಯಲಾರದು. ಅದು ಶಿಲ್ಪದ ದೋಷವೂ ಅಲ್ಲ. ಆ ಹದ ಬಲ್ಲವರು ಹಿರೇಕೆರೂರಿನಲ್ಲಿ, ಹಾನಗಲ್ಲಿನಲ್ಲಿ ಇವತ್ತಿಗೂ ಇದ್ದಾರೆ. ಅವರನ್ನು ಗೌರವಧನ ಕೊಟ್ಟು ಕರೆಸಿ ಆ ಶಿಲ್ಪದ ಪಕ್ಕ ನಿಲ್ಲಿಸಿದ ದಿನ ತೋಟ ಪೂರ್ತಿಯಾಗುತ್ತದೆ. ಅವರು ತೀರಿಹೋದ ಮೇಲೆ ಮಾಡುವ ವಿಚಾರ ಸಂಕಿರಣಗಳಿಂದ ಯಾರಿಗೂ ಏನೂ ಆಗುವುದಿಲ್ಲ. ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ 2022ರಲ್ಲಿ ಪ್ರಾಗ್ ನಗರದಲ್ಲಿ ಒಪ್ಪಿದ ಹೊಸ ವ್ಯಾಖ್ಯೆಯಲ್ಲಿ ಸಮುದಾಯಗಳ ಭಾಗವಹಿಸುವಿಕೆಯನ್ನು ಸೇರಿಸಿತು. ನಮಗೆ ಅದು ಹೊಸ ವಿಚಾರ ಆಗಬೇಕಿರಲಿಲ್ಲ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಉಳಿಯುತ್ತದೆ. ತೋಟ ಖಾಸಗಿ, ಅದರ ಖರ್ಚು ಅದಕ್ಕೆ. ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಅದೇ ಗೊಟಗೋಡಿಯಲ್ಲಿ 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಜಾನಪದಕ್ಕೆಂದೇ ಸರಕಾರ ಕಟ್ಟಿದ ವಿಶ್ವವಿದ್ಯಾಲಯ ಮತ್ತು ಜಾನಪದವನ್ನೇ ಶಿಲ್ಪವಾಗಿಸಿದ ತೋಟ ಒಂದೇ ಊರಿನಲ್ಲಿ ಅಕ್ಕಪಕ್ಕ ಇರುವ ಭಾಗ್ಯ ಇನ್ನೆಲ್ಲಿದೆ? ಕಲಾವಿದರ ಹೆಸರು, ಊರು, ಹಾಡು ಬಲ್ಲ ಅಧ್ಯಾಪಕರು ಅಲ್ಲಿದ್ದಾರೆ. ವಿವರಣೆ ಕೊಡಬಲ್ಲ ವಿದ್ಯಾರ್ಥಿಗಳಿದ್ದಾರೆ. ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ, ಹಾವೇರಿಯಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದೆ. ಒಂದು ದಿನದ ವೇದಿಕೆ, ಲೈಟಿಂಗು, ಫ್ಲೆಕ್ಸುಗಳಿಗೆ ಸುರಿಯುವ ದುಡ್ಡಿನಲ್ಲಿ ಮಣ್ಣು, ಚಾಪೆ, ಮಜ್ಜಿಗೆ, ಕಲಾವಿದರ ಗೌರವಧನ, ನಾಲ್ಕು ತಾಲ್ಲೂಕುಗಳಿಂದ ಮಕ್ಕಳನ್ನು ತರುವ ಬಸ್ಸು ಇವನ್ನೆಲ್ಲ ಎಷ್ಟು ಸಲ ಹೊಂದಿಸಬಹುದು ಎಂಬುದನ್ನು ಖರ್ಚು ಹಾಕುವವರೇ ಕೂತು ಲೆಕ್ಕ ಮಾಡಲಿ.

ಪಟ್ಟಿಯನ್ನು ಯುಗಾದಿಗೆ ಮೊದಲು ಅಚ್ಚು ಹಾಕಿಸಬೇಕು. ಗಣ್ಯರ ಹೆಸರು ಒಂದೂ ಬೇಡ. ದಿನ, ವೇಳೆ, ಯಾರು ಕಲಿಸುತ್ತಾರೆ, ಏನು ತರಬೇಕು, ಬಸ್ಸು ಎಲ್ಲಿಂದ ಎಷ್ಟು ಹೊತ್ತಿಗೆ ಎಂಬುದಿಷ್ಟೇ ಇರಲಿ. ಹಿರೇಕೆರೂರು ಎಲ್ಲರಿಗಿಂತ ದೂರ. ಅವರ ಬಸ್ಸಿನ ವೇಳೆ ನೋಡಿಕೊಂಡು ಉಳಿದದ್ದನ್ನು ಹೊಂದಿಸಬೇಕು. ಅದನ್ನು ಗ್ರಾಮ ಪಂಚಾಯಿತಿ ಗೋಡೆಗೆ, ಹಾಲಿನ ಡೇರಿಗೆ, ಬಸ್ ನಿಲ್ದಾಣಕ್ಕೆ, ಶಾಲೆಯ ಆಫೀಸು ಕೋಣೆಗೆ ಅಂಟಿಸಬೇಕು. ಸಂತೆಯ ದಿನ ಆಟೊಕ್ಕೆ ಮೈಕು ಕಟ್ಟಿ ಸಾರಬೇಕು. ಮೊದಲ ಸಾಲಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಇರಲಿ, ಕಲಿಸುವವರ ಜಾಗದಲ್ಲಿ ನಮ್ಮ ಹಳ್ಳಿಗಳ ಅಜ್ಜಿಯರ ಹೆಸರು ಇರಲಿ.